ಬಿಟ್ಟ ಮೀನು, ಅರೆದಿಟ್ಟ ಮಸಾಲೆ

ಮೊನ್ನೆ ಸಾಂಟಾ ಕ್ಲಾರಾದಲ್ಲಿ ಮಗಳನ್ನು ಉಗುರಿಗೆ ಬಣ್ಣ ಹಚ್ಚುವ ಅಂಗಡಿಗೆ ಕರೆದುಕೊಂಡು ಹೋಗಿದ್ದೆ. ಅವಳಿಗೆ ಸ್ಕೂಲಿನ ಡಾನ್ಸು, ನನಗೆ ಕಾಯುವ ಕೆಲಸ. ಬಾಗಿಲು ತೆರೆದದ್ದೇ ತಡ, ಆ ವಾಸನೆ ಬಂದು ಮೂಗಿಗೆ ಬಡಿಯಿತು. ತಣ್ಣಗೆ ಚುಚ್ಚಿ, ಕಣ್ಣಲ್ಲಿ ಸ್ವಲ್ಪ ನೀರು ತರಿಸುವ ನೇಲ್ ಪಾಲಿಶಿನ ವಾಸನೆ. ಬೇರೆಯವರಿಗೆ ಅದು ಮದುವೆಮನೆಯ ವಾಸನೆಯೋ ಗೆಳತಿಯರ ವಾಸನೆಯೋ ಇರಬಹುದು. ನನಗೆ ಅದು ಅಪ್ಪನ ವಾಸನೆ. ಮಗಳು ಬಣ್ಣ ಆರಿಸುತ್ತಿದ್ದಳು, ನಾನು ಗೋಡೆಯ ಕಡೆ ಮುಖ ಮಾಡಿ ಫೋನು ನೋಡುವವಳಂತೆ ನಟಿಸುತ್ತಿದ್ದೆ. "ಆರ್ ಯೂ ಕ್ರೈಯಿಂಗ್?" ಎಂದು ಕೇಳಿದಳು. "ವಾಸನೆ ಕಣೆ, ಕಣ್ಣು ಉರಿತಿದೆ" ಎಂದೆ. ಅದರಲ್ಲಿ ಅರ್ಧ ನಿಜವೂ ಇತ್ತು.

ಪ್ಲೆಸೆಂಟನ್‌ನಲ್ಲಿದ್ದ ನಮ್ಮ ಹಳೆಯ ಮನೆಯ ಊಟದ ಮೇಜಿನ ಮೇಲೆ ಊಟಕ್ಕೆ ಜಾಗವಿದ್ದದ್ದು ಕಡಿಮೆ. ಒಂದು ತುದಿಯಲ್ಲಿ ಅಪ್ಪನ ಪುಟ್ಟ ಇಕ್ಕಳ, ದೀಪ, ಕೋಳಿಯ ಕತ್ತಿನ ಗರಿಗಳು, ಜಿಂಕೆಯ ರೋಮ, ಬಣ್ಣದ ದಾರದ ಉಂಡೆಗಳು. ಹಗಲು ಅಪ್ಪ ಹಲ್ಲಿನ ಕ್ಯಾಪು ತಯಾರಿಸುವ ಲ್ಯಾಬಿನಲ್ಲಿ ಕೆಲಸ ಮಾಡುತ್ತಿದ್ದ. ಸಂಜೆ ಫ್ರೀವೇಯ ಟ್ರಾಫಿಕ್ಕಿನಲ್ಲಿ ಬೆಂದು ಮನೆಗೆ ಬಂದು, ಒಂದು ಲೋಟ ಟೀ ಕುಡಿದು, ಮೀನು ಹುಳುವೆಂದು ನಂಬಿ ಕಚ್ಚಲೆಂದು ಗಾಳದ ಕೊಕ್ಕೆಗೆ ಗರಿ ಸುತ್ತಲು ಕೂರುತ್ತಿದ್ದ. ಅಕ್ಕಿಕಾಳಿಗಿಂತ ಚಿಕ್ಕ ಕೊಕ್ಕೆಯೂ ಅವನ ಬೆರಳಲ್ಲಿ ನೊಣವಾಗಿಬಿಡುತ್ತಿತ್ತು, ಇಲ್ಲವೇ ಮಿಡತೆ, ಇಲ್ಲವೇ ಇರುವೆ. ಕೊನೆಗೆ ದಾರದ ಗಂಟು ಬಿಚ್ಚದಿರಲೆಂದು ಅಮ್ಮನ ಬಣ್ಣವಿಲ್ಲದ ನೇಲ್ ಪಾಲಿಶನ್ನು ಸೂಜಿಯ ತುದಿಯಿಂದ ಒಂದು ಹನಿ ಇಡುತ್ತಿದ್ದ. ಅಂಗಡಿಯಲ್ಲಿ ಅದಕ್ಕೆಂದೇ ಬೇರೆ ಅಂಟು ಸಿಗುತ್ತಿತ್ತಂತೆ. ಅಪ್ಪನಿಗೆ ಅಮ್ಮನದೇ ಆಗಬೇಕು. ಮೈಸೂರಿನ ಅಮ್ಮನಿಗೆ ಮಟನ್ ಒಗ್ಗುತ್ತಿತ್ತು, ಮೀನಿನ ವಾಸನೆ ಒಗ್ಗುತ್ತಿರಲಿಲ್ಲ. "ಮದುವೆಯಾಗಿ ಇಷ್ಟು ವರ್ಷಕ್ಕೆ ನಾನು ಎರಡು ಸಲ ಉಗುರಿಗೆ ಬಣ್ಣ ಹಚ್ಚಿದೀನಿ, ಮಿಕ್ಕಿದ್ದೆಲ್ಲ ನೊಣಗಳೇ ಹಚ್ಕೊಂಡ್ವು" ಎಂದು ಬಂದವರ ಮುಂದೆಲ್ಲ ದೂರುತ್ತಿದ್ದಳು. ದೂರುತ್ತಲೇ ಹೊಸ ಸೀಸೆ ತರುತ್ತಿದ್ದಳು.

ನಾನು ಮೂರನೇ ಗ್ರೇಡಿನಲ್ಲಿದ್ದಾಗ ಅಜ್ಜಿ, ಅಪ್ಪನ ಅಮ್ಮ, ನಮ್ಮ ಜೊತೆ ಇರಲು ಬಂದಳು. ಉಡುಪಿಯ ಕಡಲ ಕರೆಯವಳು. ಅಜ್ಜ ದೋಣಿಯಲ್ಲಿ ಹೋದವನು ಹಿಂದೆ ಬರಲಿಲ್ಲ, ಆಗ ಅಪ್ಪನಿಗೆ ಇನ್ನೂ ಹಾಲು ಹಲ್ಲು. ಆಮೇಲೆ ಅಜ್ಜಿ ತಲೆಯ ಮೇಲೆ ಮೀನಿನ ಬುಟ್ಟಿ ಹೊತ್ತು ಮನೆಮನೆಗೆ ಮಾರಿ ಮಗನನ್ನು ಓದಿಸಿದಳು. ಅವನಿಗೆ ಹಾಕಿದ ಷರತ್ತು ಒಂದೇ: ನೀರಿಗೆ ಇಳಿಯಬಾರದು. ಅಂಥವಳು ಬಂದ ಮೊದಲ ವಾರವೇ ಗ್ಯಾರೇಜಿನಲ್ಲಿ ನೇತುಹಾಕಿದ್ದ ಎದೆಮಟ್ಟದ ರಬ್ಬರಿನ ಚಡ್ಡಿಯನ್ನು ನೋಡಿ, ಅದು ಏನೆಂದು ಕೇಳಿ, ನದಿಯಲ್ಲಿ ನಿಂತು ಗಾಳ ಹಾಕುವಾಗ ತೊಡುವುದೆಂಬ ಉತ್ತರ ಕೇಳಿಸಿಕೊಂಡು, ಅಲ್ಲೇ ಡಿಟರ್ಜೆಂಟಿನ ಡಬ್ಬದ ಮೇಲೆ ಕೂತುಬಿಟ್ಟಳು. ಅಪ್ಪನೂ ಅವಳೂ ತಮ್ಮಲ್ಲಿ ಹೆಚ್ಚಾಗಿ ತುಳುವಿನಲ್ಲಿ ಮಾತಾಡುತ್ತಿದ್ದರು, ಅಮ್ಮನ ಜೊತೆಗೂ ನನ್ನ ಜೊತೆಗೂ ಅಜ್ಜಿ ಕನ್ನಡ ಆಡುತ್ತಿದ್ದಳು. ಅವತ್ತು ನಮಗೆಲ್ಲ ಕೇಳಲಿ ಎಂದೋ ಏನೋ ಕನ್ನಡದಲ್ಲೇ ಹೇಳಿದಳು: "ಇಷ್ಟು ದೂರ ಬಂದು ಪುನಃ ನೀರಿಗೇ ಇಳಿದಿಯಲ್ಲ ಸದು." ಸದಾನಂದನೆಂಬ ನನ್ನ ಅಪ್ಪ ತಲೆ ತಗ್ಗಿಸಿ ನಿಂತಿದ್ದ. ನೀರು ಮೊಣಕಾಲಿಗಿಂತ ಮೇಲೆ ಬರುವುದಿಲ್ಲ ಎಂದು ನಂಬಿಸಲು ಅವನಿಗೆ ಒಂದು ಇಡೀ ಚಳಿಗಾಲ ಹಿಡಿಯಿತು.

ನಂಬಿದ ಮೇಲೆ ಶುರುವಾಯಿತು ಇನ್ನೊಂದು ಕಷ್ಟ. ಮಗ ಶನಿವಾರ ನಸುಕಿನಲ್ಲಿ ಎದ್ದು, ಸಿಯೆರಾ ಬೆಟ್ಟ ಹತ್ತಿ, ಟ್ರಕೀ ನದಿಯಲ್ಲಿ ಎರಡು ದಿನವೂ ನಿಂತು ಟ್ರೌಟು ಹಿಡಿಯುತ್ತಾನೆ, ಹಿಡಿದದ್ದನ್ನೆಲ್ಲ ಅಲ್ಲೇ ನೀರಿಗೆ ಬಿಟ್ಟು ಖಾಲಿ ಕೈಯಲ್ಲಿ ಬರುತ್ತಾನೆ ಎಂಬುದು ಅಜ್ಜಿಯ ತಲೆಯೊಳಗೆ ಹೋಗಲೇ ಇಲ್ಲ. ನದಿಯ ಕೆಲವು ಭಾಗಗಳಲ್ಲಿ ಒಂದೆರಡು ಮೀನು ಮನೆಗೆ ತರಲು ಕಾನೂನು ಬಿಡುತ್ತಿತ್ತು, ಅಪ್ಪ ಬಿಡುತ್ತಿರಲಿಲ್ಲ. "ಗಾಳಕ್ಕೆ ವೇಷ ಕಟ್ಟುವುದು, ಮೀನಿಗೆ ಮೋಸ ಮಾಡುವುದು, ಮತ್ತೆ ಕ್ಷಮೆ ಕೇಳಿ ಬಿಟ್ಟು ಬರುವುದು. ಇದೆಂತ ಆಟ ಮಾರಾಯ?" ಎಂದು ಅಜ್ಜಿ ನಗುತ್ತಿದ್ದಳು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುವುದನ್ನು ನಾವು ಗಾದೆಯಾಗಿ ಕೇಳಿದ್ದೆವು, ನಮ್ಮ ಮನೆಯಲ್ಲಿ ಅದು ಪ್ರತಿ ವಾರಾಂತ್ಯದ ಸಮಾಚಾರವಾಗಿತ್ತು.

ಹಾಗೆಂದು ಅಜ್ಜಿ ಸೋಲೊಪ್ಪಿದವಳಲ್ಲ. ಕಡಲಿಗೆ ಗಂಡಸರು ಹೋದ ಮೇಲೆ ಮನೆಯಲ್ಲಿ ಹೆಂಗಸರು ಮಸಾಲೆ ಅರೆದಿಡಬೇಕು, ಅರೆದಿಟ್ಟ ಮಸಾಲೆಗೆ ಮೀನು ಬಂದೇ ಬರುತ್ತದೆ ಎಂಬುದು ಅವಳ ಕಡೆಯ ಪದ್ಧತಿ. ಅಪ್ಪನ ಕಾರು ಬೀದಿ ದಾಟುವುದರೊಳಗೆ ಮಿಕ್ಸಿ ಶುರುವಾಗುತ್ತಿತ್ತು. ಬಾಣಲೆಯಲ್ಲಿ ಹುರಿದ ಬ್ಯಾಡಗಿ ಮೆಣಸು, ಕೊತ್ತಂಬರಿ, ಒಂದು ಚಿಟಿಕೆ ಓಮ, ಹುಣಸೆಹುಳಿ, ತೆಂಗಿನಕಾಯಿ. ಇಡೀ ಮನೆ ಕೆಮ್ಮುತ್ತಿತ್ತು. ಕೆಂಪು ಮಸಾಲೆಯನ್ನು ಸ್ಟೀಲ್ ಡಬ್ಬಿಗೆ ತುಂಬಿ ಫ್ರಿಜ್ಜಿನಲ್ಲಿಟ್ಟು, ಕಿಟಕಿಯ ಹತ್ತಿರ ಕುರ್ಚಿ ಎಳೆದುಕೊಂಡು ಕೂತರೆ ಅಜ್ಜಿಯ ವಾರಾಂತ್ಯ ಅಲ್ಲಿಯೇ. "ಕೂಸು ಹುಟ್ಟೋಕೆ ಮುಂಚೆ ಕುಲಾವಿ" ಎಂದು ಅಮ್ಮ ನನಗೆ ಮಾತ್ರ ಕೇಳುವಂತೆ ಗೊಣಗುತ್ತಿದ್ದಳು. ಭಾನುವಾರ ಸಂಜೆ ಅಪ್ಪ ಬರುವ ದಾರಿಯಲ್ಲಿ ಚೀನೀಯರ ಗ್ರೋಸರಿಗೆ ಹೋಗಿ, ಹೆಪ್ಪುಗಟ್ಟಿದ ಬಂಗುಡೆಯ ಪ್ಯಾಕೆಟ್ಟು ಹಿಡಿದು ಕಳ್ಳನಂತೆ ಒಳಗೆ ಬರುತ್ತಿದ್ದ. ಅಜ್ಜಿ ಅದನ್ನು ತಟ್ಟಿ ನೋಡಿ, "ಹೌದಾ, ಟ್ರಕೀ ನದಿಯಲ್ಲಿ ಬಂಗುಡೆ ಐಸು ಸಮೇತ ಸಿಗ್ತದಾ?" ಎಂದು ಕೇಳುವಳು. ಎಲ್ಲರೂ ನಗುತ್ತಿದ್ದೆವು. ಊಟಕ್ಕೆ ಬಂಗುಡೆ ಸಾರು, ಕುಚ್ಚಲಕ್ಕಿ ಅನ್ನ. ನಮ್ಮ ಮನೆಯ ಭಾನುವಾರ ಎಂದರೆ ಇದು, ಇಂಥ ಭಾನುವಾರಗಳು ಮುಗಿಯುವಂಥವು ಎಂದು ಯಾರು ಅಂದುಕೊಂಡಿರುತ್ತಾರೆ?

ಒಂದು ವರ್ಷ ಆಗಸ್ಟಿನಲ್ಲಿ ನಮ್ಮೆಲ್ಲರನ್ನೂ ಅಪ್ಪ ನದಿಗೆ ಕರೆದುಕೊಂಡು ಹೋದ. ಬೇಸಿಗೆಯ ಕೊನೆಯಲ್ಲಿ ಆ ನದಿ ಬಡವಾಗಿರುತ್ತದೆ. ಮೇಯಲ್ಲಿ ಬಂಡೆಗಳನ್ನೇ ಉರುಳಿಸುವ ನೀರು ಆಗಸ್ಟಿಗೆ ಕಲ್ಲುಗಳ ನಡುವೆ ದಾರಿ ಕೇಳಿಕೊಂಡು ಹೋಗುವಂತೆ ಹರಿಯುತ್ತದೆ, ತಳದ ಜಲ್ಲಿಯ ಬಣ್ಣ ಎಣಿಸುವಷ್ಟು ತಿಳಿಯಾಗಿರುತ್ತದೆ. ತಿಳಿನೀರಿನಲ್ಲಿ ನಾವು ಮೀನನ್ನು ನೋಡುವ ಮೊದಲೇ ಮೀನು ನಮ್ಮನ್ನು ನೋಡಿರುತ್ತದೆ. ಹಾಗಾಗಿ ಅಪ್ಪ ಕೂದಲೆಳೆಯಷ್ಟು ಸಣ್ಣ ದಾರ ಕಟ್ಟಿ, ಕೊಕ್ಕರೆಯ ಹಾಗೆ ಬಾಗಿ ಬಾಗಿ ನಡೆಯುತ್ತಿದ್ದ. ದಡದ ಒಣಹುಲ್ಲಿನಲ್ಲಿ ಮಿಡತೆಗಳು ಚಿಟಿಚಿಟಿ ಹಾರುತ್ತಿದ್ದವು, ಅವನ ದಾರದ ತುದಿಯಲ್ಲೂ ಒಂದು ಮಿಡತೆ. ದೂರದಲ್ಲಿ ಎಲ್ಲೋ ಕಾಡು ಉರಿಯುತ್ತಿದ್ದ ಹೊಗೆಯಿಂದ ಬೆಳಗಿನ ಸೂರ್ಯ ಕಿತ್ತಳೆ ಹಣ್ಣಾಗಿದ್ದ. ಅಪ್ಪನ ಸೊಂಟದಲ್ಲಿ ದಾರ ಕಟ್ಟಿದ ಥರ್ಮಾಮೀಟರು, ಅದರ ಮೇಲೆ ಅಮ್ಮನ ಕೆಂಪು ನೇಲ್ ಪಾಲಿಶಿನದೊಂದು ಗೆರೆ. ನೀರಿನ ಬಿಸಿ ಆ ಗೆರೆ ಮುಟ್ಟಿದರೆ, ಎಷ್ಟೇ ಒಳ್ಳೆಯ ಮೀನು ಎದುರಿಗಿದ್ದರೂ ಗಾಳ ಮಡಚಬೇಕು. ಬಿಸಿ ನೀರಿನಲ್ಲಿ ಟ್ರೌಟಿಗೆ ಉಸಿರು ಸಾಲದು. ಹಿಡಿದು ಬಿಟ್ಟರೂ ಸೋತು ಸತ್ತುಹೋಗುತ್ತದೆ. ಆಗಸ್ಟಿನಲ್ಲಿ ಬಿಸಿಲೇರುತ್ತಿದ್ದಂತೆ ಆ ಗೆರೆ ಬಂದುಬಿಡುತ್ತಿತ್ತು.

ಅವತ್ತು ಶ್ರಾವಣದ ಹುಣ್ಣಿಮೆ. ಅಜ್ಜಿಯ ಊರಿನಲ್ಲಿ ಅಂದು ಕಡಲಿಗೆ ಹಾಲೆರೆದು, ತೆಂಗಿನಕಾಯಿ ಬಿಟ್ಟು, ಆಮೇಲೆಯೇ ದೋಣಿ ಇಳಿಸುವುದು. ಈ ಬೆಟ್ಟದಲ್ಲಿ ಕಡಲಿಲ್ಲ, ನದಿಯಾದರೂ ಸರಿ ಎಂದು ಅವಳು ಎಲ್ಲ ಕಟ್ಟಿಕೊಂಡೇ ಬಂದಿದ್ದಳು. ಹಾಲು ಒಂದು ಚಮಚಕ್ಕಿಂತ ಹೆಚ್ಚು ಬೇಡವೆಂದು ಅಪ್ಪ ಹೇಗೋ ಒಪ್ಪಿಸಿದ. ತೆಂಗಿನಕಾಯಿಗೆ ಅರಿಶಿನ ಕುಂಕುಮ ಹಚ್ಚಿ, ಕಣ್ಣು ಮುಚ್ಚಿ ಬೇಡಿಕೊಂಡು, ಅಜ್ಜಿ ಅದನ್ನು ನೀರಿಗೆ ಬಿಟ್ಟಳು. ಕಡಲಾದರೆ ಅಲೆ ಬಂದು ಒಯ್ಯುತ್ತದೆ. ಇದು ಆಗಸ್ಟಿನ ನದಿ. ತೆಂಗಿನಕಾಯಿ ನಾಲ್ಕು ಮಾರು ತೇಲಿ, ಅಪ್ಪ ಬೆಳಗಿನಿಂದ ಹೊಂಚುಹಾಕಿದ್ದ ಮಡುವಿನ ನಡುವೆಯೇ ಎರಡು ಕಲ್ಲುಗಳ ಮಧ್ಯೆ ಸಿಕ್ಕಿಕೊಂಡು ಗಡಗಡ ಕುಣಿಯತೊಡಗಿತು. ಮಡುವಿನ ಮೀನುಗಳೆಲ್ಲ ಚದುರಿಹೋದವು. ಅಪ್ಪ ಹೋಗಿ ಅದನ್ನು ಬಿಡಿಸಿ ತಳ್ಳಿದ. ಸ್ವಲ್ಪ ಹೊತ್ತಿನಲ್ಲಿ ನದಿಯ ತಿರುವಿನಿಂದ ಒಬ್ಬ ಮುದುಕ ಬೆಳ್ಳನೆಯ ಗಡ್ಡ ಹೊತ್ತು, ಒಂದು ಕೈಯಲ್ಲಿ ಗಾಳದ ಕೋಲು, ಇನ್ನೊಂದು ಕೈಯಲ್ಲಿ ನಮ್ಮ ತೆಂಗಿನಕಾಯಿ ಹಿಡಿದುಕೊಂಡು ಬಂದ. ಯಾರದೋ ಗ್ರೋಸರಿ ಬ್ಯಾಗಿನಿಂದ ಬಿದ್ದಿರಬೇಕೆಂದು ಪಾಪ, ಅಷ್ಟು ದೂರ ನೀರಿಗೆದುರಾಗಿ ನಡೆದು ತಂದಿದ್ದ. ಅಜ್ಜಿಯ ಮುಖ ಸಣ್ಣದಾಯಿತು. "ಕೊಟ್ಟದ್ದನ್ನು ಹಿಂದೆ ಕಳಿಸಿತಲ್ಲ ಸದು. ನಿನ್ನ ನದಿಗೆ ನಾನು ಬೇಡ" ಎಂದಳು. ಅಪ್ಪನಿಗೆ ಏನು ತೋಚಿತೋ, ಕಾಯಿಯನ್ನು ಬಂಡೆಗೆ ಒಡೆದು, ಒಂದು ಹೋಳನ್ನು ಆ ಮುದುಕನಿಗೆ ಕೊಟ್ಟು ಪ್ರಸಾದವೆಂದು ಇಂಗ್ಲಿಷಿನಲ್ಲಿ ವಿವರಿಸಿದ. ಅವನು ಟೋಪಿ ತೆಗೆದು ಅಜ್ಜಿಗೆ ತಲೆಬಾಗಿ, ಅಲ್ಲೇ ಕಲ್ಲಿನ ಮೇಲೆ ಕೂತು ಕಾಯಿ ಮೆಲ್ಲತೊಡಗಿದ. ನಾವೂ ಕೂತೆವು. ಅಷ್ಟರಲ್ಲಿ ಥರ್ಮಾಮೀಟರು ಗೆರೆ ಮುಟ್ಟಿತ್ತು, ಅವತ್ತಿನ ಮೀನು ಬೇಟೆ ಅಲ್ಲಿಗೆ ಮುಗಿಯಿತು.

ಮನೆಗೆ ಬಂದ ಮೇಲೆ ಅಜ್ಜಿ ಎರಡು ದಿನ ಮಂಕಾಗಿದ್ದಳು. ಮಿಕ್ಸಿ ತೊಳೆಯುವಾಗ ನಾನು ಅವಳ ಪಕ್ಕದಲ್ಲಿ ನಿಂತಿದ್ದೆ. ನಾನು ಇಂಗ್ಲಿಷಿನಲ್ಲಿ ಕೇಳುವುದು, ಅವಳು ಕನ್ನಡದಲ್ಲಿ ಹೇಳುವುದು, ಇಬ್ಬರಿಗೂ ಅರ್ಥವಾಗುವುದು, ಇದು ನಮ್ಮ ವ್ಯವಹಾರ. ಇಷ್ಟು ಬಂಗುಡೆ ತಿನ್ನುತ್ತೀಯಲ್ಲ, ಅಪ್ಪನ ಟ್ರೌಟೇ ಯಾಕೆ ಬೇಕು ಎಂದು ಕೇಳಿದೆ. ಅಜ್ಜಿ ನಲ್ಲಿ ನಿಲ್ಲಿಸಿದಳು. "ನಿನ್ನ ಅಜ್ಜ ಇದ್ದಾಗ ಅವರು ಹಿಡಿದದ್ದರಲ್ಲಿ ಒಂದು ಮೀನು ನನಗೆ ಅಂತ ತೆಗೆದಿಡುತ್ತಿದ್ರು ಮಗಾ. ಅವರು ಹೋದ ಮೇಲೆ ಬುಟ್ಟಿ ಬುಟ್ಟಿ ಮೀನು ಮಾರಿದೆ, ಉಳಿದದ್ದು ತಿಂದೆ. ಎಲ್ಲ ಬೇರೆಯವರ ಬಲೆಯದ್ದು. ನಮ್ಮವರು ಹಿಡಿದದ್ದು ಅಂತ ಒಂದು ಮೀನು ಮತ್ತೆ ಬಾಯಿಗೆ ಬಿದ್ದದ್ದಿಲ್ಲ. ಸದು ಹಿಡಿದದ್ದು ಒಂದು ತಿಂದರೆ ಸಾಕಿತ್ತು." ಹೇಳಿ ಮತ್ತೆ ನಲ್ಲಿ ತಿರುಗಿಸಿದಳು. ಮರುದಿನ ಸ್ಕೂಲಿಗೆ ಹೋಗುವಾಗ ಕಾರಿನಲ್ಲಿ ನಾನು ಇದನ್ನು ಅಪ್ಪನಿಗೆ ಹೇಳಿದೆ. ಸ್ಕೂಲಿನ ಮುಂದೆ ನಾನು ಇಳಿದ ಮೇಲೂ ಹಿಂದಿನ ಕಾರಿನವರು ಹಾರ್ನ್ ಹೊಡೆಯುವವರೆಗೆ ಅವನು ಅಲ್ಲೇ ಇದ್ದ. ಹುಡುಗಾಟವೆಂದು ತನ್ನ ಅಮ್ಮನ ಮಾತನ್ನು ನಕ್ಕು ತಳ್ಳಿದ್ದಕ್ಕೆ ಅವನಿಗೆ ಎಷ್ಟು ನೋವಾಗಿತ್ತೆಂದು ನನಗೆ ಈಗ ಅರ್ಥವಾಗುತ್ತದೆ.

ಅಕ್ಟೋಬರಿನಲ್ಲಿ ಮತ್ತೆ ಎಲ್ಲರೂ ಹೊರಟೆವು. ಈ ಸಲ ಮಸಾಲೆಯ ಡಬ್ಬಿಯೂ ಕ್ಯಾಂಪಿನ ಸ್ಟವ್ವೂ ಜೊತೆಗಿದ್ದವು. ಬಿಡುವಂತಿಲ್ಲ, ಇವತ್ತು ಒಂದು ಅಮ್ಮನಿಗೆ ಎಂದು ಅಪ್ಪ ನಿಶ್ಚಯಿಸಿದ್ದ, ಮೀನು ಇಟ್ಟುಕೊಳ್ಳಬಹುದಾದ ಕಡೆಯೇ ಕಾರು ನಿಲ್ಲಿಸಿದ. ನಾನು ಕಂಡ ನದಿಗಳಲ್ಲೆಲ್ಲ ಅಕ್ಟೋಬರಿನ ಟ್ರಕೀಯಷ್ಟು ಚೆಲುವಾದದ್ದು ಇನ್ನೊಂದಿಲ್ಲ. ರಾತ್ರಿಯ ಹಿಮ ಹುಲ್ಲಿನ ಮೇಲೆ ಪುಡಿ ಉಪ್ಪಿನಂತೆ ಉಳಿದಿರುತ್ತದೆ. ನೀರು ತಣ್ಣಗಾಗಿ, ಬೇಸಿಗೆಯಲ್ಲಿ ಬಂಡೆಯಡಿ ಬಚ್ಚಿಟ್ಟುಕೊಂಡಿದ್ದ ದೊಡ್ಡ ಮೀನುಗಳು ಹಗಲಲ್ಲೇ ಹೊರಗೆ ಬರುತ್ತವೆ. ದಡದ ಮರಗಳು ಹಳದಿ, ಮಧ್ಯಾಹ್ನದ ಮೇಲೆ ನೀರಿನ ಮೇಲೆ ಕಿತ್ತಳೆ ಬಣ್ಣದ ದಪ್ಪ ಹುಳುಗಳು ತೊದಲುತ್ತ ಹಾರುತ್ತವೆ. ಅಪ್ಪ ಅದೇ ಬಣ್ಣದ ಹುಳು ಕಟ್ಟಿ ತಂದಿದ್ದ. ಅಜ್ಜಿ ಸೀರೆಯ ಮೇಲೆ ಅಪ್ಪನ ಜಾಕೆಟ್ಟು, ತಲೆಗೆ ನನ್ನ ಉಣ್ಣೆಯ ಟೋಪಿ ಹಾಕಿಕೊಂಡು ಮಡಚುವ ಕುರ್ಚಿಯಲ್ಲಿ ನದಿಗೆ ಎದುರಾಗಿ ಕೂತಿದ್ದಳು.

ತುಂಬ ಹೊತ್ತಾದ ಮೇಲೆ ಅಪ್ಪನ ಕೋಲು ಬಿಲ್ಲಾಯಿತು. ಅವನು ಅವಸರ ಮಾಡದೆ ಮೀನನ್ನು ದಡದ ಕಡೆಗೆ ತಂದು ಬಲೆಯೊಳಗೆ ಹಾಕಿ, ಬಲೆಯನ್ನು ನೀರಿನಲ್ಲೇ ಹಿಡಿದುಕೊಂಡು, ಚಿಕ್ಕ ಹುಡುಗನ ಗಂಟಲಿನಲ್ಲಿ "ಅಮ್ಮಾ, ಬಾ ನೋಡು" ಎಂದು ಕೂಗಿದ. ಬ್ರೌನ್ ಟ್ರೌಟು. ಬೆಣ್ಣೆಯ ಬಣ್ಣದ ಹೊಟ್ಟೆ, ಮೈ ಮೇಲೆ ಕೆಂಪು ಬೊಟ್ಟು. ಅಜ್ಜಿ ನನ್ನ ಭುಜ ಹಿಡಿದು ಕಲ್ಲಿನಿಂದ ಕಲ್ಲಿಗೆ ಇಳಿದು ಬಂದು ಬಗ್ಗಿದಳು, ಕೈ ನೀರಿನಲ್ಲಿ ಅದ್ದಿ ಮೀನಿನ ಹೊಟ್ಟೆಯ ಮೇಲೆ ಹೆಬ್ಬೆರಳು ಆಡಿಸಿದಳು. ಬೆರಳು ನಿಂತಿತು.

"ಹೊಟ್ಟೆ ತುಂಬ ಮೊಟ್ಟೆ ಉಂಟು" ಎಂದಳು.

"ಗೊತ್ತಮ್ಮ. ಇದು ಮೊಟ್ಟೆ ಇಡುವ ಕಾಲ. ಪರವಾಗಿಲ್ಲ, ಇದು ನಿನಗೆ."

"ಮೊಟ್ಟೆ ಒಳ್ಳೇ ರುಚಿ ಇರ್ತದೆ" ಎಂದು ಅಜ್ಜಿ ಮೀನನ್ನೇ ನೋಡುತ್ತ ಹೇಳಿದಳು. ಅವಳಿಗೆ ಆಸೆಯಾಗಿತ್ತು, ಅದು ಅವಳ ಮುಖದಲ್ಲೇ ಇತ್ತು. ಆಮೇಲೆ ಕೈ ಹಿಂದೆಗೆದುಕೊಂಡಳು. "ಮಳೆಗಾಲ ಪೂರ್ತಿ ನಾವು ದೋಣಿ ಮೇಲೆಳೆದು ಗಂಜಿ ಕುಡಿದು ಕೂತದ್ದು ಎಂತಕ್ಕೆ ಮತ್ತೆ? ಇವುಗಳಿಗಾಗಿಯೇ ಅಲ್ವಾ? ಬಿಡು ಅದನ್ನು."

"ಅಮ್ಮಾ..."

"ಬಿಡು ಅಂದೆನಲ್ಲ. ಮುಂದಿನ ವರ್ಷ ಬೇರೆ ಹಿಡಿ."

ಅಪ್ಪ ಬಲೆ ತಗ್ಗಿಸಿದ. ಮೀನು ಅವನ ಅಂಗೈಯ ಮೇಲೆ ಒಂದು ಗಳಿಗೆ ಸುಮ್ಮನಿದ್ದು, ಬಾಲ ಬೀಸಿ ಆಳಕ್ಕೆ ಹೋಯಿತು. ಅಮ್ಮ ಆ ಮಸಾಲೆಗೆ ಬಟಾಟೆ ಹೆಚ್ಚಿ ಹಾಕಿ ಸಾರು ಮಾಡಿದಳು. ನಾಲ್ವರೂ ಚಳಿಯಲ್ಲಿ ಒತ್ತಿ ಕೂತು ತಟ್ಟೆ ಬಿಸಿಗೆ ಕೈ ಕಾಯಿಸಿಕೊಳ್ಳುತ್ತ ಉಂಡೆವು. ಅಜ್ಜಿ ಎರಡನೇ ಸಲ ಅನ್ನ ಹಾಕಿಸಿಕೊಂಡಳು. ಆ ನದಿ ಈಗ ತನ್ನದೂ ಹೌದು ಎನ್ನುವ ಹಾಗೆ ಅವಳು ಕಾಲು ಚಾಚಿ ಕೂತಿದ್ದಳು. ನನ್ನ ಬಾಲ್ಯದ ಒಂದು ದಿನವನ್ನು ಹಿಂದಕ್ಕೆ ಕೊಡುತ್ತೇವೆಂದು ಯಾರಾದರೂ ಅಂದರೆ ನಾನು ಕೇಳುವುದು ಅದನ್ನೇ.

ಮುಂದಿನ ವರ್ಷ ಅಜ್ಜಿ ಇರಲಿಲ್ಲ. ಫೆಬ್ರವರಿಯಲ್ಲಿ ನ್ಯುಮೋನಿಯಾ ಬಂದು ಒಂದು ವಾರದಲ್ಲಿ ಹೋಗಿಬಿಟ್ಟಳು. ಅಪ್ಪ ಆ ಬೇಸಿಗೆಯಿಡೀ ಗಾಳ ಮುಟ್ಟಲಿಲ್ಲ. ಮೇಜಿನ ಮೇಲಿನ ಗರಿಗಳಿಗೆ ಧೂಳು ಹಿಡಿಯಿತು, ಅಮ್ಮ ಧೂಳು ಒರೆಸಿ ಅಲ್ಲಲ್ಲೇ ಇಟ್ಟಳು. ದೀಪಾವಳಿಗೆ ಎರಡು ದಿನ ಇದೆ ಎನ್ನುವಾಗ ಅವನು ಒಬ್ಬನೇ ಟ್ರಕೀಗೆ ಹೋದ. ಅಪ್ಪನ ಕಡೆಯವರಲ್ಲಿ ಹಬ್ಬಕ್ಕೆ ತೀರಿಕೊಂಡವರಿಗೆ ಎಲೆ ಹಾಕಿ ಬಡಿಸುವ ಪದ್ಧತಿ, ಅಗೆಲು ಅನ್ನುತ್ತಾರೆ. ಅವರವರಿಗೆ ಇಷ್ಟವಾದದ್ದನ್ನು ಮಾಡಿ ಬಡಿಸಿ, ಬಾಗಿಲು ಮುಂದೆ ಮಾಡಿ, ಸ್ವಲ್ಪ ಹೊತ್ತು ಎಲ್ಲರೂ ಹೊರಗಿರಬೇಕು. ಬ್ರೌನ್ ಮೀನುಗಳು ಮೊಟ್ಟೆಯಿಡುವ ಕಾಲವಾದ್ದರಿಂದ ಅವುಗಳ ಗೊಡವೆಗೆ ಹೋಗದೆ ಅಪ್ಪ ಒಂದು ರೇನ್‌ಬೋ ಟ್ರೌಟು ತಂದ. ಅವನು ಕೊಂದು ತಂದ ಮೊದಲನೆಯ ಮೀನು ಅದು, ಕೊನೆಯದೂ ಅದೇ. ಮೀನು ಮುಟ್ಟದ ಅಮ್ಮ ತಾನೇ ಮಸಾಲೆ ಅರೆದು ತಾನೇ ಸಾರು ಮಾಡಿದಳು, ಮೂಗಿಗೆ ಬಟ್ಟೆ ಕಟ್ಟಿಕೊಳ್ಳಲಿಲ್ಲ. ಅಜ್ಜಿ ಮಲಗುತ್ತಿದ್ದ ಕೋಣೆಯಲ್ಲಿ ಬಾಳೆಯೆಲೆ ಹಾಕಿ ಬಡಿಸಿ, ಬಾಗಿಲು ಮುಂದೆ ಮಾಡಿ, ನಾವು ಮೂವರೂ ಹಜಾರದಲ್ಲಿ ನಿಂತೆವು. ಹೊರಗೆ ಯಾರದೋ ಮನೆಯ ಲೀಫ್ ಬ್ಲೋಯರು ಒಂದೇ ಸಮನೆ ಅರಚುತ್ತಿತ್ತು. ಬಾಗಿಲು ತೆರೆದ ಮೇಲೆ ಆ ಎಲೆಯದನ್ನು ಮನೆಯವರೇ ಉಣ್ಣುವುದು. ಅಪ್ಪ ಒಂದು ತುಂಡು ಬಾಯಿಗಿಟ್ಟು, ಅಗಿದು, "ಬಂಗುಡೆಗೆ ಸಮ ಇಲ್ಲ ಮಾರಾಯ್ತಿ. ಅಮ್ಮ ಏನೂ ಕಳ್ಕೊಳ್ಳಲಿಲ್ಲ" ಎಂದ. ಹಾಗಂದವನು ಬಾಯಿಯ ತುತ್ತನ್ನು ನುಂಗಲಾಗದೆ, ಗೋಡೆಗೊರಗಿ, ಎಂಜಲು ಕೈಯನ್ನು ಎದುರಿಗೆ ಹಾಗೆಯೇ ಹಿಡಿದುಕೊಂಡು ಬಿಕ್ಕಿ ಬಿಕ್ಕಿ ಅತ್ತ.

ಈಗ ಅಪ್ಪನೂ ಇಲ್ಲ. ಪ್ಲೆಸೆಂಟನ್ ಮನೆಯನ್ನು ಮಾರಿದೆವು, ಅಮ್ಮ ನಮ್ಮ ಜೊತೆ ಡ್ಯಾನ್‌ವಿಲ್‌ನಲ್ಲಿದ್ದಾಳೆ. ನಾನು ಗಾಳ ಕಲಿಯಲಿಲ್ಲ. ಆದರೂ ಸೆಪ್ಟೆಂಬರ್ ಕಳೆಯುತ್ತಿದ್ದಂತೆ ಬೆಳಗಿನ ಗಾಳಿ ಸ್ವಲ್ಪ ತಣ್ಣಗಾದರೆ ಸಾಕು, ಟ್ರಕೀಯಲ್ಲಿ ಈಗ ನೀರು ತಣ್ಣಗಾಗಿರಬಹುದು, ಈ ವಾರ ಅಪ್ಪ ಹೊರಡುತ್ತಿದ್ದ ಎಂದು ಮನಸ್ಸು ಸುಮ್ಮಸುಮ್ಮನೆ ತಯಾರಾಗಿ ನಿಲ್ಲುತ್ತದೆ. ತೀರಿಹೋದವರಿಗಾಗಿ ಕಾಯುವ ಈ ಹುಚ್ಚು ನಿಮಗೂ ಇರಬಹುದು.

ಕಳೆದ ದೀಪಾವಳಿಗೆ ಮೊದಲ ಬಾರಿ ಎರಡು ಎಲೆ ಹಾಕಿದೆವು. ಅಜ್ಜಿಯ ಎಲೆಗೆ ಬಂಗುಡೆ ಸಾರು ಬಡಿಸಿದೆ. ಅಪ್ಪನ ಎಲೆಯ ಮುಂದೆ ಬಂದು ಸೌಟು ಹಿಡಿದು ನಿಂತುಬಿಟ್ಟೆ. ತನ್ನ ಅಮ್ಮನಿಗಾಗಿ ಒಂದೇ ಒಂದು ಮೀನು ಕೊಂದು ಆಮೇಲೆ ಜೀವಮಾನವಿಡೀ ಇನ್ನೊಂದನ್ನು ಕೊಲ್ಲದವನಿಗೆ ಮೀನು ಬಡಿಸಬಹುದೇ ಬಾರದೇ ನನಗೆ ತಿಳಿಯಲಿಲ್ಲ. ಬಿಟ್ಟರೆ ಅವನ ಎಲೆ ಖಾಲಿ, ಅದನ್ನು ನೋಡಲೂ ನನ್ನಿಂದ ಆಗುತ್ತಿರಲಿಲ್ಲ. ಅಮ್ಮ ಹಿಂದಿನಿಂದ ಬಂದು ಎರಡೂ ಎಲೆ ನೋಡಿ, ನನ್ನ ಕೈಯಿಂದ ಸೌಟು ತೆಗೆದುಕೊಂಡು, ಇರುವುದರಲ್ಲಿ ದೊಡ್ಡ ತುಂಡನ್ನೇ ಆರಿಸಿ ಅವನಿಗೆ ಹಾಕಿದಳು.

"ಬಡಿಸ್ಬೋದು ಕಣೆ" ಎಂದಳು. "ಬೇಡದಿದ್ರೆ ಅವರೇ ಹೋಗಿ ನೀರಿಗೆ ಬಿಟ್ಟು ಬರ್ತಾರೆ."